ಸೂಕ್ತವೆನಿಸಿದಂತೆ

ಬೆಟಗೇರಿ ನೇಕಾರರ ಸಂಘದ ಕಟ್ಟಳೆ ಪುಸ್ತಕ:
ಮೂವತ್ತೆರಡು ಪುಟ, ಜಂಗು ಹಿಡಿದ ಎರಡು ಪಿನ್ನು.
ಹತ್ತೊಂಬತ್ತನೇ ಕಲಮು ನನಗ ಬಾಯಿಪಾಠ:
‘ಅಧ್ಯಕ್ಷರು ತಮಗೆ ಸೂಕ್ತವೆನಿಸಿದಂತೆ
ಸದಸ್ಯರಿಗೆ ನೂಲು ಹಂಚತಕ್ಕದ್ದು.’
ಆ ‘ಸೂಕ್ತವೆನಿಸಿದಂತೆ’ ಅನ್ನೋ ಒಂದು ಮಾತಿನೊಳಗ
ಇಪ್ಪತ್ತಾರು ವರ್ಷ ನಾಕು ಮಂದಿ
ಸಂಸಾರ ಹೂಡಿ ಎದ್ದು ಹೋದ್ರು.
ನಾನು ನಡಾವಳಿ ಬರಿಯಾಂವ.

ವಿಠ್ಠಲಸಾ ಬಾಕಳೆ ಇದ್ದಾಗ
ಗೋದಾಮಿನ ಕೀಲಿ ಅವರ ಉಡದಾರಕ್ಕ.
ಕೊಡೋ ಮನುಷ್ಯಾನ. ಆದ್ರ ಕೇಳಬೇಕು.
ಕೇಳೂದಂದ್ರ ಮನೀಗೆ ಹೋಗಿ,
ಅವ್ರ ಜಳಕ ಆಗೂತನಾ ಕಟ್ಟೀ ಮ್ಯಾಲೆ ಕುಂತು,
ಅವ್ರ ಆಕಳದ ಹಾಲಿನ ಸುದ್ದಿ ಪೂರಾ ಕೇಳಿ.
ಲಡಿ ಕೈಗಿಡುವಾಗ ಹೆಗಲು ತಟ್ಟತಿದ್ರು.
ಆ ತಟ್ಟಿದ್ದು ಲೆಕ್ಕದಾಗ ಬರ್ತಿರಲಿಲ್ಲ,
ಚುನಾವಣಿಗೆ ಬಡ್ಡಿ ಸಮೇತ ಬರ್ತಿತ್ತು.

ಆಮ್ಯಾಲೆ ಕೊಣ್ಣೂರ ಮಾಸ್ತರು.
ಕೀಲಿ ಗೋಡೆಯ ಮಳಿಗೆ, ಅದರ ಕೆಳಗ ಯಾದಿ,
ಯಾದಿಯ ಮಗ್ಗಲಕ ಗಡಿಯಾರ.
ಲಾಳಿ ಸಿಡಿದು ಕಣ್ಣು ಬಾತ ದುರಗವ್ವ
ಐದು ಹೊಡೆದು ಹತ್ತು ಮಿನಿಟಿಗೆ ಬಂದ್ಲು.
ಮಾಸ್ತರು ಗಡಿಯಾರ ನೋಡಿದ್ರು.
ಕಣ್ಣು ನೋಡಲಿಲ್ಲ.
ನ್ಯಾಯ ಖರೆ. ಒಂದು ಎಳಿ ಹೆಚ್ಚುಕಡಿಮಿ ಇಲ್ಲ.
ನಾನೂ ಆ ವರ್ಷ ನಡಾವಳಿಯೊಳಗ
ಅಲ್ಪವಿರಾಮ ಹಾಕೂದು ಬಿಟ್ಟೆ.

ಈರಬಸಪ್ಪ ಕುರಹಟ್ಟಿ ಬೈದದ್ದ ಇಲ್ಲ.
ಏನ ಕೇಳ್ರಿ, ‘ನೀವ ನೋಡ್ರಿ’ ಅನ್ನವ್ರು.
ಅವ್ರ ಮಾರಿ ಬಾಡಿದ್ರ ಸಾಕು,
ಕಚೇರಿಗೆಲ್ಲಾ ಮೋಡ ಮುಚ್ಚತಿತ್ತು.
ಒಮ್ಮೆ ಚಾ ಕುಡಕೋತ ಅಂದ್ರು:
‘ಕೆಳಗಿನ ಓಣಿಯವ್ರು ಭಾಳ ಮಾತಾಡ್ತಾರಲ್ಲ?’
ಅಷ್ಟ. ಬಶಿ ಕೆಳಗಿಟ್ರು.
ಮೂರು ತಿಂಗಳು ಕೆಳಗಿನ ಓಣಿಗೆ
ಒಂದು ಲಡಿ ನೂಲು ಇಳೀಲಿಲ್ಲ.
ಯಾರು ನಿಲ್ಲಿಸಿದ್ರು? ಸ್ಟಾಕಿನಾಂವ ನನ್ನ ಮಾರಿ ನೋಡಿದ,
ನಾನು ಅವ್ರ ಬಶಿ ನೋಡಿದ್ದೆ.
ಸುದ್ದಿ ತಿಳದು ಖರೇನ ಅತ್ತರು ಪುಣ್ಯಾತ್ಮ:
‘ನಾ ಹಂಗಂತ ಹೇಳಿದ್ನೇನು?’
ಇಲ್ಲ. ನಡಾವಳಿಯೊಳಗೂ ಇಲ್ಲ.

ಅಂಬೂಬಾಯಿ ಮಿಸ್ಕಿನ ಬಂದಾಗ
ಗಂಡ ನಡಸ್ತಾನ ಬಿಡು ಅಂದ್ವಿ.
ಗಂಡ ಚಾಪುಡಿ ತರಾಕ ಹೋಗತಿದ್ದ.
ಕೂದಲದಾಗ ಅರಳಿ ಎಳಿ, ಬಾಯಾಗ ಬೆಂಕಿ.
ಬೈದು ಕೊಡ್ತಿದ್ರು, ಕೊಟ್ಟು ಮರೀತಿದ್ರು.
ಬೈಸಿಕೊಂಡವ್ರು ಮರೀತಿರಲಿಲ್ಲ.
ಅದ ದುರಗವ್ವ ಒಂದಿನ ಲಡಿ ಅಲ್ಲೇ ಇಟ್ಟು
ಸೆರಗು ಝಾಡಿಸಿ ಹೊಂಟ್ಲು.
ಈಗ ಪವರಲೂಮಿನಾಗ ಕೂಲಿ.
‘ಆಕಿ ಯಾಕ ಬರವಲ್ಲಳು?’ ಅಂತ
ಆಮ್ಯಾಲೆ ಎಷ್ಟೋ ಸಲ ಕೇಳಿದ್ರು ಬಾಯಾರು.

ಕಲಮಿನ ಎರಡನೇ ಸಾಲು ಹೇಳೂದು ಬಿಟ್ಟಿದ್ದೆ:
‘ಅಧ್ಯಕ್ಷರಿಲ್ಲದಾಗ ಕಾರಕೂನರು.’
ಚುನಾವಣಿ ಮುಂದಕ್ಕ ಹೋಯ್ತು.
ಹದಿನೇಳು ದಿನ ಕೀಲಿ ನನ್ನ ಕಿಸೇದಾಗ.
ನಾಕೂ ಮಂದೀನ್ನ ಕಂಡಾಂವ ನಾನು,
ಯಾರ ತಪ್ಪು ಎಲ್ಲೆಂತ ಬಲ್ಲಾಂವ.
ಎರಡು ದಿನ ಬಂದವ್ರಿಗೆ ಬಂದಂಗ ಕೊಟ್ಟೆ.
ಮೂರನೇ ದಿನ ಬಂದ ಸೋಮಲಿಂಗ,
ಹಿಂದೊಮ್ಮೆ ಸಂತ್ಯಾಗ ನನಗ ‘ಏ ಕಾರಕೂನ’ ಅಂದಾಂವ.
‘ಕುಂದ್ರು’ ಅಂದೆ.
ಬೆಂಚು ಕಿರ್ ಅಂತು.
ಚಸ್ಮಾ ಒರಸಿದೆ. ಸ್ವಚ್ಛ ಇತ್ತು.
ಮತ್ತ ಒರಸಿದೆ.
ಎಷ್ಟು ಹೊತ್ತೋ. ಹೊರಗ ಮಗ್ಗದ ಸಪ್ಪಳ,
ಕಿಸೇದಾಗ ಕೀಲಿ ಬಿಸಿ.
ಯಾವ ಅಧ್ಯಕ್ಷರೂ ಹೇಳಿರಲಿಲ್ಲ ನನಗ,
ಆ ಬೆಂಚಿನ ಕಿರ್ ಸಪ್ಪಳ
ಈ ಕಡೆ ಕುಂತು ಕೇಳಿದ್ರ ಇಷ್ಟು ಸವಿ ಇರತೈತಂತ.

ನಾಳೆ ಹೊಸಬ್ರು ಬರ್ತಾರ.
ಮನುಷ್ಯಾ ಹ್ಯಾಂಗೋ, ಅಂತ ಓಣಿಯೆಲ್ಲಾ ನನ್ನ ಕೇಳತೈತಿ.
ನಡಾವಳಿ ಬರದೇನಿ:
‘ಹದಿನೇಳು ದಿನ. ವಿಶೇಷ ಏನೂ ಇಲ್ಲ.’
ಕೀಲಿ ಒರಸಿ ಇಟ್ಟೇನಿ.